ಯಾವ ತಪ್ಪಿಗೆ ಮಾಫಿ ಇಲ್ಲ?

ಲ್ಯಾಬ್ರಡಾರ್ ಮರಿಗೆ ವರ್ಷ ತುಂಬುತ್ತಿದ್ದಂತೆ ಅಮೆರಿಕದಲ್ಲಿ ನೆಲೆಸಿದ ನಮ್ಮವರಿಂದ ನನಗೊಂದು ಪತ್ರ ಬರುತ್ತದೆ. ಬರೆದವರ ಊರು ಒಮ್ಮೆ ಡಲ್ಲಾಸ್, ಒಮ್ಮೆ ಮಿನಿಯಾಪೊಲಿಸ್. ಒಳಗಿನ ಸಮಾಚಾರ ಹೆಚ್ಚುಕಡಿಮೆ ಒಂದೇ. ಚೆಂಡು ಎಸೆದರೆ ಎಸೆದವರ ಕೈ ಸೋಲುವವರೆಗೂ ಮರಿ ತಂದುಕೊಡುತ್ತದೆ. ಕೆರೆ ಕಂಡರೆ ಹಗ್ಗ ಕಿತ್ತುಕೊಂಡು ಧುಮುಕುತ್ತದೆ. ಬೀದಿಯ ಕೊನೆಯ ಮನೆಯಲ್ಲಿ ಕಾಡುಬಾತಿನ ಬೇಟೆಗೆ ಹೋಗುವ ಹಿರಿಯರೊಬ್ಬರಿದ್ದಾರೆ. ಅವರು ನೋಡಿ, ಇದನ್ನು ಸುಮ್ಮನೆ ಮನೆಯಲ್ಲಿ ಕೂರಿಸಬೇಡಿ, ಟ್ರಯಲ್‌ಗೆ ಹಾಕಿ ಎಂದಿದ್ದಾರೆ. ವಿಚಾರಿಸಲು ಹೊರಟರೆ ಫೀಲ್ಡ್ ಟ್ರಯಲ್ ಎನ್ನುವವರು ಒಬ್ಬರು, ಹಂಟ್ ಟೆಸ್ಟ್ ಎನ್ನುವವರು ಇನ್ನೊಬ್ಬರು. ಕ್ಲಬ್ಬುಗಳು ಹಲವು, ಬಿರುದುಗಳು ಹತ್ತಾರು. ಇದರಲ್ಲಿ ನಮ್ಮ ನಾಯಿಗೆ ಯಾವುದು?

ಬಹಳ ಮಂದಿ ಈ ಪ್ರಶ್ನೆಗೆ ಉತ್ತರವನ್ನು ಬಹುಮಾನದ ಕಡೆಯಿಂದ ಹುಡುಕುತ್ತಾರೆ. ಎಲ್ಲಿ ದೊಡ್ಡ ಬಿರುದು, ಎಲ್ಲಿ ಬೇಗ ಸಿಗುತ್ತದೆ, ಎಲ್ಲಿಗೆ ಕಾರಿನಲ್ಲಿ ಹೋಗಿ ಅದೇ ದಿನ ಮರಳಬಹುದು ಎಂದು ಲೆಕ್ಕ ಹಾಕುತ್ತಾರೆ. ನಾನು ಎದುರು ದಿಕ್ಕಿನಿಂದ ನೋಡುತ್ತೇನೆ. ಯಾವ ತಪ್ಪು ಮಾಡಿದ ನಾಯಿಯನ್ನು ಅಲ್ಲಿಯವರು ಆ ಕ್ಷಣವೇ ಹೊರಗೆ ಕಳಿಸುತ್ತಾರೆ? ಮೊದಲು ಇದನ್ನು ಕೇಳಿಕೊಳ್ಳಿ. ಏಕೆಂದರೆ ಪಂದ್ಯವು ಮಾಮೂಲಿ ಬೇಟೆಯ ದಿನವನ್ನು ಆದಷ್ಟೂ ಹೋಲಬೇಕು ಎಂದು ಬ್ರಿಟನ್ನಿನ ನಿಯಮವೂ ಹೇಳುತ್ತದೆ, ಅಮೆರಿಕದ್ದೂ ಹೇಳುತ್ತದೆ. ಆ ಮಾತಿನಿಂದ ಒಂದನ್ನು ಇನ್ನೊಂದರಿಂದ ಬೇರೆ ಮಾಡಲಾಗದು. ಯಾರ ಬೇಟೆ, ಎಂಥ ಬೇಟೆ ಎಂಬುದು ತಿಳಿಯುವುದು ಅಲ್ಲಿ ಮಾಫಿಯಿಲ್ಲದ ತಪ್ಪು ಯಾವುದೆಂದು ನೋಡಿದಾಗಲೇ.

ಇದೆಲ್ಲ ಶುರುವಾದದ್ದು ಇಂಗ್ಲೆಂಡಿನಲ್ಲಿ. 1865ರ ಏಪ್ರಿಲ್‌ನಲ್ಲಿ ಬೆಡ್‌ಫರ್ಡ್‌ಶೈರ್‌ನ ಸೌತ್‌ಹಿಲ್ ಎಸ್ಟೇಟಿನಲ್ಲಿ ಪಾಯಿಂಟರ್ ಮತ್ತು ಸೆಟರ್ ನಾಯಿಗಳನ್ನು ಜೋಡಿಜೋಡಿಯಾಗಿ ಹೊಲಕ್ಕೆ ಬಿಟ್ಟು ಪರೀಕ್ಷಿಸಿದ್ದು ದಾಖಲಾಗಿರುವ ಮೊದಲ ಟ್ರಯಲ್. ಬ್ರಿಟನ್ನಿನ ಕೆನಲ್ ಕ್ಲಬ್ ಹುಟ್ಟಿದ್ದು ಅದಾದ ಎಂಟು ವರ್ಷಕ್ಕೆ, 1873ರಲ್ಲಿ. ಮರುವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ಬಳಿ ಅಲ್ಲಿನ ಮೊದಲ ಟ್ರಯಲ್ ನಡೆಯಿತು. ನೈಟ್ ಎಂಬ ಕಪ್ಪು ಸೆಟರ್ ಗೆದ್ದಿತು. ಯಾರ ನಾಯಿ ಮೇಲು ಎಂಬ ಜಂಬದ ಜೊತೆಗೆ ಯಾವ ನಾಯಿಯಿಂದ ಮರಿ ಪಡೆಯಬೇಕು ಎಂಬ ಲೆಕ್ಕವೂ ಆಗ ಇತ್ತು. ಆ ಎರಡನೆಯದು ಇವತ್ತಿಗೂ ದೊಡ್ಡದು. ತೀರ್ಪುಗಾರರು ಯಾವ ಗುಣಕ್ಕೆ ಅಂಕ ಕೊಡುತ್ತಾರೋ ಆ ಗುಣದ ನಾಯಿಗೆ ಮರಿಗಳಾಗುತ್ತವೆ. ಯಾವ ತಪ್ಪಿಗೆ ಹೊರಹಾಕುತ್ತಾರೋ ಆ ತಪ್ಪಿನ ವಂಶ ನಿಲ್ಲುತ್ತದೆ. ಹೀಗೆ ತಲೆಮಾರುಗಳು ಕಳೆದು ಇಂಗ್ಲೆಂಡಿನ ಲ್ಯಾಬ್ರಡಾರ್ ಒಂದು ಸ್ವಭಾವಕ್ಕೆ, ಅಮೆರಿಕದ ಟ್ರಯಲ್ ಲ್ಯಾಬ್ರಡಾರ್ ಇನ್ನೊಂದು ಸ್ವಭಾವಕ್ಕೆ ಬಂದು ನಿಂತಿವೆ.

ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದಲ್ಲಿ ಒಂದು ರಿಟ್ರೀವರ್ ಟ್ರಯಲ್ ನೋಡುತ್ತಿದ್ದೆ. ಬೀಟ್‌ರೂಟ್ ಹೊಲದಲ್ಲಿ ಬಂದೂಕಿನವರು, ತೀರ್ಪುಗಾರರು, ನಾಯಿ ಹಿಡಿದವರು ಒಂದೇ ಸಾಲಾಗಿ ನಡೆಯುತ್ತಾರೆ. ನಾಯಿಗಳ ಕೊರಳಲ್ಲಿ ಪಟ್ಟಿಯೂ ಇಲ್ಲ, ಹಗ್ಗವೂ ಇಲ್ಲ. ಫೆಸೆಂಟ್ ಹಕ್ಕಿ ಏಳುತ್ತದೆ, ಗುಂಡು ಹಾರುತ್ತದೆ, ಸಾಲು ನಿಲ್ಲುತ್ತದೆ. ಯಾವ ನಾಯಿ ಹೋಗಬೇಕೆಂದು ತೀರ್ಪುಗಾರರು ಹೇಳುವವರೆಗೆ ಒಂದೂ ಅಲುಗುವಂತಿಲ್ಲ. ಆ ನಿಲುಗಡೆಯಲ್ಲಿ ಒಂದು ಹಳದಿ ಲ್ಯಾಬ್ರಡಾರ್ ಗಂಟಲೊಳಗೇ ಸಣ್ಣಗೆ ಕುಂಯ್‌ಗುಟ್ಟಿತು. ಹಿಂದೆ ನಿಂತ ನಮಗೆ ಕೇಳಿಸಿದ್ದೇ ಹೆಚ್ಚು. ತೀರ್ಪುಗಾರರು ಅದರ ಯಜಮಾನತಿಯ ಕಡೆ ತಿರುಗಿ ಥ್ಯಾಂಕ್ ಯೂ ಎಂದರು. ಆಕೆ ಜೇಬಿನಿಂದ ಹಗ್ಗ ತೆಗೆದು ನಾಯಿಯ ಕೊರಳಿಗೆ ಹಾಕಿ ಸಾಲಿನಿಂದ ಹೊರಗೆ ನಡೆದರು. ಆ ದಿನ ಆ ನಾಯಿ ಎರಡು ಹಕ್ಕಿಗಳನ್ನು ಚೆನ್ನಾಗಿಯೇ ತಂದಿತ್ತು.

ಅದನ್ನು ಕಂಡ ನಮ್ಮವರೊಬ್ಬರಿಗೆ ಇದು ತೀರಾ ಕಠೋರ ಅನಿಸಿತು. ನನಗೆ ಹಾಗನಿಸಲಿಲ್ಲ. ಬ್ರಿಟನ್ನಿನ ಬೇಟೆ ಊರೊಟ್ಟಿನ ಬೇಟೆ. ಸೋವು ಎಬ್ಬಿಸುವವರು ಒಂದು ಕಡೆಯಿಂದ ಬರುತ್ತಾರೆ, ಬಂದೂಕಿನವರು ಇನ್ನೊಂದು ಕಡೆ ಕಾಯುತ್ತಾರೆ, ಅವರ ಪಕ್ಕದಲ್ಲಿ ಹತ್ತು ನಾಯಿಗಳು ತಾಸುಗಟ್ಟಲೆ ಕೂತಿರುತ್ತವೆ. ಒಂದು ಕುಂಯ್‌ಗುಟ್ಟಿದರೆ ಎರಡನೆಯದಕ್ಕೆ ತಗಲುತ್ತದೆ, ಸದ್ದಿಗೆ ಹಕ್ಕಿ ದಿಕ್ಕು ಬದಲಿಸುತ್ತದೆ. ಆ ಗುಣ ತಾಯಿಯಿಂದ ಮರಿಗೂ ಇಳಿಯುತ್ತದೆ ಎಂದು ಅಲ್ಲಿಯ ತಳಿಗಾರರು ನಂಬುತ್ತಾರೆ. ಆದ್ದರಿಂದ ಕುಂಯ್‌ಗುಟ್ಟುವುದಕ್ಕೂ ಬೊಗಳುವುದಕ್ಕೂ ಮಾಫಿಯಿಲ್ಲ. ಅಪ್ಪಣೆಯಿಲ್ಲದೆ ಓಡಿದರೆ, ನೀರಿಗಿಳಿಯಲು ಒಲ್ಲೆನೆಂದರೆ, ಬಾಯಲ್ಲಿದ್ದ ಹಕ್ಕಿಯನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಅದೇ ಗತಿ. ಎಲ್ಲಕ್ಕಿಂತ ದೊಡ್ಡ ತಪ್ಪು ಗಡಸು ಬಾಯಿ. ಹಕ್ಕಿ ಕೈಗೆ ಬಂದ ಕೂಡಲೇ ತೀರ್ಪುಗಾರರು ಅದನ್ನು ಅಂಗೈ ಮೇಲಿಟ್ಟು, ಹೆಬ್ಬೆರಳು ತೋರುಬೆರಳುಗಳಿಂದ ಎರಡೂ ಪಕ್ಕೆಗಳನ್ನು ಸವರಿ ನೋಡುತ್ತಾರೆ. ಪಕ್ಕೆಲುಬು ಪುಡಿಯಾಗಿ ಒಳಗೆ ಕುಸಿದಿದ್ದರೆ ಹಕ್ಕಿಯನ್ನು ಯಜಮಾನನ ಕೈಗೂ ಕೊಟ್ಟು ತೋರಿಸುತ್ತಾರೆ. ಗುಂಡಿನಿಂದಾದ ಪೆಟ್ಟೋ ಹಲ್ಲಿನದ್ದೋ ಎಂಬ ಸಂಶಯವಿದ್ದರೆ ಸಂಶಯದ ಲಾಭ ನಾಯಿಗೆ. ಆ ಹಕ್ಕಿ ಸಂಜೆ ಯಾರದೋ ಅಡುಗೆಮನೆ ಸೇರುವಂಥದ್ದು; ಜಜ್ಜಿದ ಹಕ್ಕಿಯನ್ನು ತರುವ ನಾಯಿಯಿಂದ ಯಾರಿಗೂ ಉಪಯೋಗವಿಲ್ಲ.

ಅಲ್ಲಿ ಇನ್ನೊಂದು ಪದ್ಧತಿಯಿದೆ, ನಾಯಿ ಸಾಕಿದವರೆಲ್ಲ ಒಮ್ಮೆ ನೋಡಬೇಕಾದ್ದು. ಬಿದ್ದ ಹಕ್ಕಿಯನ್ನು ಮೊದಲ ನಾಯಿ ಹುಡುಕಿ ಸೋತಿತೆನ್ನಿ. ಎರಡನೆಯದನ್ನು ಕಳಿಸುತ್ತಾರೆ. ಅದು ಕಂಡುಹಿಡಿದು ತಂದರೆ ಮೊದಲಿನದರ ಕಣ್ಣೊರೆಸಿತು ಎಂದು ಲೆಕ್ಕ. ಕಣ್ಣೊರೆಸಿಕೊಂಡ ನಾಯಿ ಸಾಮಾನ್ಯವಾಗಿ ಅಲ್ಲಿಗೆ ಹೊರಗೆ. ಎಲ್ಲ ನಾಯಿಗಳೂ ಸೋತರೆ ತೀರ್ಪುಗಾರರೇ ನಡೆದುಹೋಗಿ ಹುಡುಕುತ್ತಾರೆ. ಅವರಿಗೆ ಸಿಕ್ಕರೆ, ಕಣ್ಣೊರೆಸಿದ್ದು ಮನುಷ್ಯರಾದರೂ, ಸೋತ ನಾಯಿಗಳಿಗೆ ಉಳಿಗಾಲ ಕಷ್ಟ. ಗಾಯಗೊಂಡ ಹಕ್ಕಿಯನ್ನು ಹೊಲದಲ್ಲಿ ಬಿಟ್ಟು ಬರಬಾರದು ಎಂಬ ಕಟ್ಟುನಿಟ್ಟು ಇದರ ಹಿಂದಿದೆ.

ಬ್ರಿಟನ್ನಿನಲ್ಲಿರುವ ಓದುಗರಿಗೆ ಒಂದು ಮಾತು. ಅಲ್ಲಿ ಒಂದು ದಿನದ ಪಂದ್ಯಕ್ಕೆ 12 ನಾಯಿ, ಎರಡು ದಿನದ್ದಕ್ಕೆ 24 ಎನ್ನುವುದು ವಾಡಿಕೆ. ಅರ್ಜಿ ಹಾಕುವವರು ಅದಕ್ಕಿಂತ ಹೆಚ್ಚು, ಆದ್ದರಿಂದ ಚೀಟಿ ಎತ್ತುತ್ತಾರೆ. ಸೀಸನ್ ಇಡೀ ಕಾದರೂ ಹೆಸರು ಬಾರದೆ ಹೋಗಬಹುದು. ಅಲ್ಲಿಯ ಬೇಸಿಗೆಯಲ್ಲಿ ನಡೆಯುವ ವರ್ಕಿಂಗ್ ಟೆಸ್ಟ್‌ಗಳಲ್ಲಿ ಕ್ಯಾನ್ವಾಸ್ ಡಮ್ಮಿ ಎಸೆಯುತ್ತಾರೆ, ಹಕ್ಕಿ ಇರುವುದಿಲ್ಲ. ಮೊದಲ ನಾಯಿಯಾದರೆ ಅಲ್ಲಿಂದಲೇ ಶುರುಮಾಡಿ.

ಅಮೆರಿಕದ ರಿಟ್ರೀವರ್ ಫೀಲ್ಡ್ ಟ್ರಯಲ್‌ಗೆ ಬಂದರೆ ಚಿತ್ರವೇ ಬೇರೆ. ಅಮೆರಿಕನ್ ಕೆನಲ್ ಕ್ಲಬ್ಬಿನ ಪರವಾನಗಿಯ ಮೊದಲ ರಿಟ್ರೀವರ್ ಟ್ರಯಲ್ 1931ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಚೆಸ್ಟರ್ ಎಂಬಲ್ಲಿ ನಡೆದಾಗ ಅದು ಬ್ರಿಟನ್ನಿನ ನಕಲಿನಂತೆಯೇ ಇತ್ತು. ಈಗ ನೋಡಿದರೆ ನಂಬಲಾಗದು. ಓಪನ್ ಮಟ್ಟದಲ್ಲಿ ಮೂರು, ಕೆಲವೊಮ್ಮೆ ನಾಲ್ಕು ಹಕ್ಕಿಗಳನ್ನು ಒಂದಾದ ಮೇಲೊಂದರಂತೆ ಬೀಳಿಸುತ್ತಾರೆ. ದೂರ 300 ಗಜ, ಅದಕ್ಕೂ ಹೆಚ್ಚು. ಹಕ್ಕಿ ಎಸೆಯುವವರು ಬಿಳಿ ಕೋಟು ಹಾಕಿ ನಿಂತಿರುತ್ತಾರೆ, ನಾಯಿಗೆ ದೂರದಿಂದ ಕಾಣಲೆಂದು. ನಾಯಿಯ ಪಕ್ಕ ನಿಂತವರೂ ಬಿಳಿ ಅಂಗಿ. ಪ್ರತಿಯೊಂದು ಬಿದ್ದ ಜಾಗವನ್ನೂ ನಾಯಿ ನೆನಪಿಟ್ಟುಕೊಂಡು ಒಂದೊಂದಾಗಿ ತರಬೇಕು. ಆಮೇಲೆ ಕಣ್ಣಿಗೆ ಬೀಳದ ಹಕ್ಕಿಯ ಸರದಿ. ಎಲ್ಲಿದೆಯೆಂದು ನಾಯಿಗೆ ಗೊತ್ತಿಲ್ಲ, ಯಜಮಾನನಿಗೆ ಗೊತ್ತು. ಅವನು ಸೀಟಿ ಊದಿದರೆ ನಾಯಿ ನಿಂತು ಹಿಂತಿರುಗಿ ನೋಡುತ್ತದೆ. ಕೈ ತೋರಿಸಿದ ಕಡೆಗೆ ಹೊರಡುತ್ತದೆ.

ಇಲ್ಲಿಯೂ ಗುಂಡಿನ ಸದ್ದಿಗೆ ಹೆದರಿದರೆ, ಅಪ್ಪಣೆಗೆ ಮುಂಚೆ ಓಡಿದರೆ, ಹಕ್ಕಿ ಬದಲಿಸಿದರೆ ಹೊರಗೆ. ಆದರೆ ಪಂದ್ಯದ ಒಳಗುಟ್ಟು ತಿಳಿಯಬೇಕಾದರೆ ಕೆರೆಯ ಮೂಲೆಯನ್ನು ನೋಡಬೇಕು. ಹಕ್ಕಿ ಕೆರೆಯಾಚೆ ಓರೆಯಾಗಿ ಬಿದ್ದಿದೆ. ದಡದ ಮೇಲೆ ಓಡಿದರೆ ಬೇಗ ತಲುಪಬಹುದು. ಹಾಗೆ ಓಡಿದ ನಾಯಿ ಇಲ್ಲಿ ಮೋಸ ಮಾಡಿತೆಂದು ಲೆಕ್ಕ. ನೀರಿಗೆ ಬಿದ್ದು, ಮೂಲೆ ಸೀಳಿಕೊಂಡು, ಗೆರೆ ಎಳೆದಂತೆ ನೇರವಾಗಿ ಹೋಗಬೇಕು. ತರಬೇತಿ ಕೊಡುವವರು ಇದಕ್ಕೆ ಕಾರಣ ಹೇಳುತ್ತಾರೆ: ದಡ ಸುತ್ತಿದ ನಾಯಿ ದಿಕ್ಕು ತಪ್ಪುತ್ತದೆ, ಹಕ್ಕಿ ಬಿದ್ದ ಜಾಗದ ನೆನಪು ಕಳೆದುಕೊಳ್ಳುತ್ತದೆ. ಅದರಲ್ಲಿ ಸತ್ಯವಿದೆ. ಆದರೆ ಚಳಿಗಾಲದ ಬೆಳಿಗ್ಗೆ ಕಾಡುಬಾತಿಗೆ ಹೋದ ಸಾಮಾನ್ಯ ಬೇಟೆಗಾರನಿಗೆ, ಮಂಜುಗಡ್ಡೆಯಂಥ ನೀರಿನಲ್ಲಿ ವೃಥಾ ಈಜದೆ ದಡದ ಮೇಲೆ ಬಂದ ನಾಯಿಯೇ ಜಾಣ ನಾಯಿ.

ಇನ್ನೂ ಒಂದು ವಿಷಯ. ಫೀಲ್ಡ್ ಟ್ರಯಲ್‌ನಲ್ಲಿ ನಾಯಿಗಳನ್ನು ಒಂದಕ್ಕೊಂದು ಹೋಲಿಸುತ್ತಾರೆ. ಪ್ರತಿ ಸುತ್ತಿನ ನಂತರ ಮುಂದಿನ ಸುತ್ತಿಗೆ ಯಾರನ್ನು ಕರೆಯುತ್ತೇವೆಂದು ಓದುತ್ತಾರೆ. ನಿಮ್ಮ ನಾಯಿ ಯಾವ ತಪ್ಪನ್ನೂ ಮಾಡಿರುವುದಿಲ್ಲ, ಆದರೂ ಅದರ ನಂಬರ್ ಬರುವುದಿಲ್ಲ. ಉಳಿದವು ಅದಕ್ಕಿಂತ ಚೆನ್ನಾಗಿ ಮಾಡಿದವು, ಅಷ್ಟೆ. ಚಾಂಪಿಯನ್ ಎನಿಸಲು ಓಪನ್ ಪಂದ್ಯಗಳಲ್ಲಿ ಒಟ್ಟು 10 ಪಾಯಿಂಟ್ ಬೇಕು, ಅದರಲ್ಲಿ ಒಂದಾದರೂ ಮೊದಲ ಸ್ಥಾನ ಇರಲೇಬೇಕು. ಎದುರು ನಿಂತವರಲ್ಲಿ ಹಲವರು ಇದನ್ನೇ ವೃತ್ತಿ ಮಾಡಿಕೊಂಡವರು. ಟ್ರಕ್ಕಿನ ತುಂಬ ಬೇರೆಯವರ ನಾಯಿಗಳನ್ನು ಹೇರಿಕೊಂಡು ಚಳಿಗಾಲಕ್ಕೆ ಟೆಕ್ಸಸ್, ಜಾರ್ಜಿಯಾ ಕಡೆ, ಬೇಸಿಗೆಗೆ ಉತ್ತರದ ರಾಜ್ಯಗಳ ಕಡೆ ಹೋಗುವವರು. 1952 ಮತ್ತು 1953ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ಕಿಂಗ್ ಬಕ್ ಎಂಬ ಕಪ್ಪು ಲ್ಯಾಬ್ರಡಾರ್, ಬಾಯಲ್ಲಿ ಮಲಾರ್ಡ್ ಬಾತು ಹಿಡಿದು 1959ರ ಫೆಡರಲ್ ಡಕ್ ಸ್ಟ್ಯಾಂಪ್ ಮೇಲೆ ಬಂತು. ನಾಯಿಗೆ ಆ ಸ್ಟ್ಯಾಂಪಿನ ಮೇಲೆ ಜಾಗ ಸಿಕ್ಕಿದ್ದು ಅದೇ ಮೊದಲು. ಅಂಥ ನಾಯಿ ಓಡುವುದನ್ನು ನೋಡಲು ನಾನು ಎಷ್ಟು ದೂರವಾದರೂ ಹೋಗುತ್ತೇನೆ. ಆದರೆ ಕೆಲಸ, ಮಕ್ಕಳ ಶಾಲೆ, ಶನಿವಾರದ ಕನ್ನಡ ತರಗತಿ ಎಲ್ಲವನ್ನೂ ತೂಗಿಸಿಕೊಂಡು ಹೋಗುವ ಮನೆಯವರಿಗೆ ಇದನ್ನು ಮೊದಲ ಹೆಜ್ಜೆಯಾಗಿ ಹೇಳಲಾರೆ.

ಅವರಿಗೆ ಹೇಳುವುದು ಹಂಟ್ ಟೆಸ್ಟ್. ಇದು ಹುಟ್ಟಿದ್ದೇ ಮೇಲೆ ಹೇಳಿದ ಕೆರೆಮೂಲೆಯಂಥ ಅಸಮಾಧಾನದಿಂದ. ಫೀಲ್ಡ್ ಟ್ರಯಲ್ ತಮ್ಮ ಬೇಟೆಯಿಂದ ಬಲು ದೂರ ಹೋಯಿತು ಎಂದು ಬೇಟೆಗಾರರು ಗೊಣಗಿ ಗೊಣಗಿ, 1980ರ ದಶಕದ ಮೊದಲರ್ಧದಲ್ಲಿ ಬೇರೆ ಕ್ಲಬ್ಬುಗಳನ್ನು ಕಟ್ಟಿದರು. ಅಮೆರಿಕನ್ ಕೆನಲ್ ಕ್ಲಬ್ 1985ರಲ್ಲಿ ತನ್ನದನ್ನು ಶುರುಮಾಡಿತು. ಜೂನಿಯರ್, ಸೀನಿಯರ್, ಮಾಸ್ಟರ್ ಎಂದು ಮೂರು ಮೆಟ್ಟಿಲು. ಜೂನಿಯರ್‌ನಲ್ಲಿ ನೆಲದ ಮೇಲೆ ಎರಡು, ನೀರಿನಲ್ಲಿ ಎರಡು ಹಕ್ಕಿ, ಒಂದೊಂದಾಗಿ. ದೂರ ಸಾಮಾನ್ಯವಾಗಿ 100 ಗಜದೊಳಗೆ. ನಾಯಿಯ ಕೊರಳಪಟ್ಟಿಯನ್ನು ನೀವು ಹಿಡಿದುಕೊಂಡಿರಬಹುದು. ಪ್ರತಿ ಗುಣಕ್ಕೂ 10ಕ್ಕೆ ಇಷ್ಟು ಎಂದು ಅಂಕ. ಯಾವುದರಲ್ಲೂ ಸರಾಸರಿ 5ಕ್ಕಿಂತ ಕಡಿಮೆ ಬರಬಾರದು, ಎಲ್ಲ ಸೇರಿ ಸರಾಸರಿ 7 ಬರಬೇಕು. ನಾಲ್ಕು ಸಲ ಪಾಸಾದರೆ ಜೂನಿಯರ್ ಹಂಟರ್. ಆ ದಿನ ಬಂದ ನಾಯಿಗಳೆಲ್ಲವೂ ಪಾಸಾಗಬಹುದು, ಒಂದೂ ಆಗದಿರಬಹುದು. ಪಕ್ಕದವರ ನಾಯಿ ಸೋಲಲೆಂದು ಯಾರೂ ಬಯಸಬೇಕಾಗಿಲ್ಲ. ನಾನು ಕಂಡ ಮಟ್ಟಿಗೆ ಬಯಸುವುದೂ ಇಲ್ಲ.

ಹಂಟ್ ಟೆಸ್ಟ್ ಎಂದರೆ ಫೀಲ್ಡ್ ಟ್ರಯಲ್ ಆಗದವರಿಗೆ ಎಂಬ ಮಾತು ಹಳೆಯ ಟ್ರಯಲ್‌ನವರ ಬಾಯಲ್ಲಿ ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. ಮಾಸ್ಟರ್ ಮಟ್ಟದಲ್ಲಿ ನಾಯಿ ಮೂರು ಹಕ್ಕಿಯನ್ನು ನೆನಪಿಟ್ಟು ತರಬೇಕು, ಕಾಣದ ಹಕ್ಕಿಗೆ ಸೀಟಿ ಕೇಳಿ ಹೋಗಬೇಕು, ಇನ್ನೊಂದು ನಾಯಿ ಕೆಲಸ ಮಾಡುವಾಗ ಪಕ್ಕದಲ್ಲಿ ತೆಪ್ಪಗೆ ಕೂರಬೇಕು. ಸೀನಿಯರ್‌ನಲ್ಲಿ ಅಪ್ಪಣೆಗೆ ಮುಂಚೆ ಒಂದು ಹೆಜ್ಜೆ ಮುಂದಿಟ್ಟ ನಾಯಿಯನ್ನು ಕೂಗಿ ನಿಲ್ಲಿಸಿದರೆ ಅಂಕ ಕಳೆದು ಉಳಿಸಿಕೊಳ್ಳುತ್ತಾರೆ. ಮಾಸ್ಟರ್‌ನಲ್ಲಿ ಓಡಿದರೆ ಮುಗಿಯಿತು. ತಪ್ಪಿನ ಬೆಲೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಏರುವ ಈ ಕ್ರಮ ನನಗೆ ಬಲು ಹಿಡಿಸಿದೆ. ನಮ್ಮ ಮನೆಯ ಕಪ್ಪು ಲ್ಯಾಬ್ರಡಾರ್, ಹೆಸರು ಕಾಡಿಗೆ, ಈ ದಾರಿಯಲ್ಲೇ ಬೆಳೆದಳು. ಜೂನಿಯರ್‌ನಲ್ಲಿ ಅವಳ ಕೊರಳಪಟ್ಟಿ ಹಿಡಿದ ನನ್ನ ಕೈ ನಡುಗುವಷ್ಟು ಎಳೆಯುತ್ತಿದ್ದವಳು ಸೀನಿಯರ್‌ಗೆ ಬರುವಷ್ಟರಲ್ಲಿ, ಬಾತು ನೀರಿಗೆ ಬಿದ್ದ ಸದ್ದಿಗೆ ಕಿವಿ ಮಾತ್ರ ಮುಂದೆ ಮಾಡಿ ಕೂತಿರುವುದನ್ನು ಕಲಿತಿದ್ದಳು. ಯಾವ ರಿಬ್ಬನ್ನಿಗಿಂತಲೂ ಅದು ನನಗೆ ಹೆಚ್ಚು. ಈಗ ಅಂಚೆಯವನು ಬಂದಾಗಲೂ ಅವಳು ಹಾಗೆಯೇ ಕೂರುತ್ತಾಳೆ.

ಪಾಯಿಂಟರ್, ವಿಜ್ಲಾ, ಜರ್ಮನ್ ಶಾರ್ಟ್‌ಹೇರ್ ಸಾಕಿದವರ ದಾರಿ ಬೇರೆ. ಈ ನಾಯಿಗಳ ಕೆಲಸ ತರುವುದಕ್ಕಿಂತ ಮೊದಲು ಹುಡುಕುವುದು. ಗಾಳಿಯಲ್ಲಿ ಹಕ್ಕಿಯ ವಾಸನೆ ಹಿಡಿದು ಕಲ್ಲಾಗಿ ನಿಲ್ಲುವುದು, ಬಂದೂಕಿನವನು ಬಂದು ಹಕ್ಕಿ ಎಬ್ಬಿಸುವವರೆಗೆ ಮಿಸುಕದಿರುವುದು. ಅಮೆರಿಕದ ದಕ್ಷಿಣದಲ್ಲಿ ಇದರ ಮಹಾಪಂದ್ಯ ಕುದುರೆಯ ಮೇಲೆ ನಡೆಯುತ್ತದೆ. 1896ರಲ್ಲಿ ಮಿಸಿಸಿಪ್ಪಿಯ ವೆಸ್ಟ್ ಪಾಯಿಂಟ್‌ನಲ್ಲಿ ಶುರುವಾದ ನ್ಯಾಷನಲ್ ಚಾಂಪಿಯನ್‌ಶಿಪ್ 1915ರಿಂದ ಟೆನೆಸಿಯ ಗ್ರ್ಯಾಂಡ್ ಜಂಕ್ಷನ್ ಬಳಿಯ ಏಮ್ಸ್ ಪ್ಲಾಂಟೇಷನ್ನಿನ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಒಂದು ಜೋಡಿ ನಾಯಿ ಮೂರು ತಾಸು ಓಡುತ್ತದೆ. ತೀರ್ಪುಗಾರರು, ಯಜಮಾನರು, ನೋಡುವವರು ಕುದುರೆಯ ಮೇಲೆ ಹಿಂಬಾಲಿಸುತ್ತಾರೆ. ಬಾಬ್‌ವೈಟ್ ಎಂಬ ಲಾವಕ್ಕಿಯ ಹಿಂಡನ್ನು ಹುಡುಕಿಕೊಂಡು ನಾಯಿ ದಿಗಂತದವರೆಗೆ ಹೋಗುತ್ತದೆ, ಕಣ್ಣಿಗೆ ಕಾಣದಷ್ಟು ದೂರ. ಇಲ್ಲಿಯ ಮಾಫಿಯಿಲ್ಲದ ತಪ್ಪನ್ನು ಕೇಳಿದರೆ ಪಂದ್ಯದ ಆತ್ಮವೇ ತಿಳಿಯುತ್ತದೆ. ನಾಯಿಯ ಕೊರಳಲ್ಲಿ ಜಿಪಿಎಸ್ ಪಟ್ಟಿ ಇರುತ್ತದೆ, ಅದರ ಪರದೆ ಯಜಮಾನನ ಕೈಯಲ್ಲಿ ಇರುವುದಿಲ್ಲ. ನಾಯಿ ಸಿಗುತ್ತಿಲ್ಲ, ಆ ಪರದೆ ಕೊಡಿ ಎಂದು ಅವನು ಕೇಳಿದ ಕ್ಷಣವೇ ನಾಯಿ ಪಂದ್ಯದಿಂದ ಹೊರಗೆ. ಎಷ್ಟೇ ದೂರ ಹೋಗಲಿ, ಯಜಮಾನ ಯಾವ ಕಡೆ ಸಾಗುತ್ತಿದ್ದಾನೆಂಬ ಅರಿವು ನಾಯಿಗೆ ಇರಬೇಕು. ನಾಯಿ ಎಲ್ಲಿರಬಹುದೆಂಬ ಅಂದಾಜು ಯಜಮಾನನಿಗೆ ಇರಬೇಕು. ಜೊತೆಯ ನಾಯಿ ಹಕ್ಕಿಯ ವಾಸನೆ ಹಿಡಿದು ನಿಂತದ್ದನ್ನು ಕಂಡೂ ಅದನ್ನು ದಾಟಿ ಮುಂದೆ ನುಗ್ಗಿದರೆ ಕಳ್ಳತನ, ಅದಕ್ಕೂ ಕ್ಷಮೆಯಿಲ್ಲ.

ನೋಡಲು ಇದರಷ್ಟು ಚಂದದ್ದು ಬೇರೆ ಇಲ್ಲ. ಆದರೆ ಉಪನಗರದ ಮನೆಯಲ್ಲಿ ಬೆಳೆಯುವ ವಿಜ್ಲಾಗೆ ಅಂಥ ಓಟದ ಆಸೆ ಹಚ್ಚಿಸಿ, ವಾರದ ಐದು ದಿನ ಬೇಲಿಯೊಳಗೆ ಕೂಡಿಹಾಕುವುದು ನಾಯಿಗೆ ಮಾಡುವ ಅನ್ಯಾಯ. ಅದೇ ಜಾತಿಯ ನಾಯಿಗಳಿಗೆ ನಡೆದುಕೊಂಡೇ ಹೋಗುವ ಗನ್ ಡಾಗ್ ಪಂದ್ಯಗಳಿವೆ, ನಾಯಿ ಕೂಗಳತೆಯಲ್ಲಿ ಇರುವಂಥವು. ಷೂಟ್ ಟು ರಿಟ್ರೀವ್ ಎಂಬ ಇನ್ನೊಂದು ಬಗೆಯಿದೆ. ಹೊಲದಲ್ಲಿ ಐದು ಲಾವಕ್ಕಿ ಬಿಟ್ಟು, ಎರಡು ನಾಯಿಗಳಿಗೆ ಅರ್ಧ ತಾಸು ಕೊಡುತ್ತಾರೆ. ಹುಡುಕಿದ್ದಕ್ಕೆ, ತಂದದ್ದಕ್ಕೆ, ಮಾತು ಕೇಳಿದ್ದಕ್ಕೆ ಅಂಕ. ಗುಂಡು ಹಾರಿದಾಗ ನಾಯಿ ಓಡಿದರೂ ಇಲ್ಲಿ ಯಾರೂ ಹೊರಹಾಕುವುದಿಲ್ಲ. ಬಂದೂಕು ಹಿಡಿಯುವವರು ನೀವೇ ಆದ್ದರಿಂದ ಬಂದೂಕಿನ ಅಭ್ಯಾಸವಿಲ್ಲದವರಿಗೆ ಇದು ಸಲ್ಲದು.

ಜರ್ಮನಿಯವರು ಈ ವಿಷಯದಲ್ಲಿ ಎಲ್ಲರಿಗಿಂತ ಖಡಾಖಂಡಿತ. ಡ್ರಾಟ್‌ಹಾರ್ ಎಂಬ ಒರಟುಗೂದಲಿನ ತಳಿಯಲ್ಲಿ, ವಸಂತದಲ್ಲಿ ಒಂದು ಮತ್ತು ಶರತ್ಕಾಲದಲ್ಲಿ ಇನ್ನೊಂದು ಪರೀಕ್ಷೆ ಪಾಸಾಗದ ನಾಯಿಯಿಂದ ಮರಿ ಪಡೆಯುವಂತಿಲ್ಲ. ಆ ಚಿಂತನೆಯ ನೆರಳಿನಲ್ಲೇ 1969ರಲ್ಲಿ ಉತ್ತರ ಅಮೆರಿಕದಲ್ಲಿ ನಾವ್ಡಾ ಎಂಬ ಸಂಸ್ಥೆ ಹುಟ್ಟಿತು. ಅದರ ನ್ಯಾಚುರಲ್ ಎಬಿಲಿಟಿ ಪರೀಕ್ಷೆ 16 ತಿಂಗಳೊಳಗಿನ ನಾಯಿಗೆ. ಹೊಲದಲ್ಲಿ 20 ನಿಮಿಷ ಹುಡುಕಾಟ, ಹಾರಲಾರದ ಫೆಸೆಂಟ್ ನಡೆದುಹೋದ ಜಾಡು ಹಿಡಿಯುವುದು, ನೀರಿನಲ್ಲಿ ಈಜುವುದು. ಇಲ್ಲಿ ತರಬೇತಿಯನ್ನು ಯಾರೂ ಕೇಳುವುದಿಲ್ಲ, ಹುಟ್ಟಿನಿಂದ ಏನು ಬಂದಿದೆ ಎಂದಷ್ಟೇ ನೋಡುತ್ತಾರೆ. ಹಲ್ಲು, ಕಣ್ಣು, ಕೂದಲನ್ನೂ ಪರೀಕ್ಷಿಸುತ್ತಾರೆ. ಮೂವರು ತೀರ್ಪುಗಾರರು ಕೂತು ಮಾತಾಡಿ, ದಿನದ ಕೊನೆಗೆ ಎಲ್ಲರೆದುರು ಪ್ರತಿ ನಾಯಿಯ ಅಂಕವನ್ನು ಓದುತ್ತಾರೆ, ಏಕೆ ಹಾಗೆಂದೂ ಹೇಳುತ್ತಾರೆ. ನಮ್ಮ ಮಕ್ಕಳ ಶಾಲೆಯ ಪ್ರೋಗ್ರೆಸ್ ಕಾರ್ಡನ್ನು ಊರೆದುರು ಓದಿದಂತೆ, ಎದೆ ಹೊಡೆದುಕೊಳ್ಳುತ್ತದೆ. ಆದರೆ ಬೇರೆಯವರ ನಾಯಿಗಳ ಬಗ್ಗೆ ಹೇಳಿದ್ದನ್ನೂ ಕೇಳಿಸಿಕೊಂಡರೆ ಒಂದೇ ಸಂಜೆಯಲ್ಲಿ ಬಹಳಷ್ಟು ಕಲಿಯಬಹುದು. ಯುವ ಶಾರ್ಟ್‌ಹೇರ್, ವಿಜ್ಲಾ ಇರುವ ಮನೆಯವರಿಗೆ ನಾನು ಮೊದಲು ಹೇಳುವ ಹೆಸರು ಇದು. ಮರಿಗೆ 16 ತಿಂಗಳು ದಾಟುವ ಮೊದಲೇ ಅರ್ಜಿ ಹಾಕಬೇಕೆಂಬುದನ್ನು ಮರೆಯಬೇಡಿ.

ಈ ಪರೀಕ್ಷೆಯಲ್ಲಿ ಗುಂಡಿನ ಸದ್ದಿಗೆ ಅಂಜುವ ನಾಯಿಗೆ ಬಹುಮಾನವಿಲ್ಲ. ಕುಂಯ್‌ಗುಟ್ಟುವುದು ಒಂದು ಕಡೆ ದೊಡ್ಡ ತಪ್ಪು, ಇನ್ನೊಂದು ಕಡೆ ಸಣ್ಣದು. ಅನುಮತಿಯಿಲ್ಲದೆ ಓಡುವುದೂ ಹಾಗೆಯೇ. ಗುಂಡಿನ ಭಯ ಮಾತ್ರ ಬಂದೂಕು ಹಾರುವ ಎಲ್ಲ ಪಂದ್ಯಗಳಲ್ಲೂ ನಾಯಿಯ ದಾರಿ ಮುಚ್ಚುತ್ತದೆ. ನಮ್ಮ ಮನೆಗಳ ಮಟ್ಟಿಗೆ ಇದಕ್ಕೊಂದು ವಿಶೇಷ ಅರ್ಥವಿದೆ. ಜುಲೈ ನಾಲ್ಕರ ಪಟಾಕಿ ಮುಗಿದು ಕೆಲವೇ ತಿಂಗಳಿಗೆ ನಮ್ಮ ದೀಪಾವಳಿ ಬರುತ್ತದೆ. ಆರು ತಿಂಗಳ ಮರಿಯನ್ನು ಹಿತ್ತಿಲಲ್ಲಿ ಕಟ್ಟಿಹಾಕಿ ಅದರ ಪಕ್ಕದಲ್ಲೇ ಸರಪಟಾಕಿ ಹಚ್ಚಿದರೆ, ಆ ಒಂದು ಸಂಜೆಯ ಹೆದರಿಕೆ ಜೀವಮಾನವಿಡೀ ಉಳಿಯಬಹುದು. ಹಬ್ಬದ ದಿನ ಮರಿಯನ್ನು ಒಳಕೋಣೆಯಲ್ಲಿ, ಕಿಟಕಿ ಮುಚ್ಚಿ, ಮನೆಯವರೊಬ್ಬರ ಜೊತೆ ಇರಿಸಿ. ಗುಂಡಿನ ಸದ್ದನ್ನು ಪರಿಚಯಿಸುವಾಗ ಮರಿ ಡಮ್ಮಿಯ ಹಿಂದೆ ಖುಷಿಯಿಂದ ಓಡುತ್ತಿರಬೇಕು, ಸದ್ದು ಬಹು ದೂರದಿಂದ ಬರಬೇಕು. ಮರಿ ಗಮನಿಸದೆ ಇದ್ದರೆ ಮಾತ್ರ ಮುಂದಿನ ವಾರ ಸ್ವಲ್ಪ ಹತ್ತಿರ.

ಪತ್ರದ ಕೊನೆಯಲ್ಲಿ ಅಳುಕುತ್ತ ಬರುವ ಇನ್ನೊಂದು ಪ್ರಶ್ನೆ: ನಮ್ಮದು ಮಾಂಸ ತಿನ್ನದ ಮನೆ, ಇದೆಲ್ಲ ಸರಿಯೇ? ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹಂಟ್ ಟೆಸ್ಟ್‌ನಲ್ಲಿ ಸತ್ತ ಬಾತು ಎಸೆಯುತ್ತಾರೆ, ಕೆಲವೊಮ್ಮೆ ಜೀವಂತ ಹಕ್ಕಿಯನ್ನು ಹಾರಿಸಿ ಅಲ್ಲೇ ಹೊಡೆಯುತ್ತಾರೆ. ನಾಯಿ ತಂದ ಒದ್ದೆ ಬಾತನ್ನು ನೀವು ಕೈಯಾರೆ ತೆಗೆದುಕೊಳ್ಳಬೇಕು. ಅದು ಮನಸ್ಸಿಗೆ ಒಗ್ಗದಿದ್ದರೆ ಹೋಗಬೇಡಿ, ಅದರಲ್ಲಿ ಕೀಳರಿಮೆ ಏನೂ ಬೇಡ. ಜಾಡು ಹಿಡಿಯುವ ಟ್ರ್ಯಾಕಿಂಗ್ ಪರೀಕ್ಷೆಗಳಿವೆ. ಮನುಷ್ಯ ನಡೆದ ದಾರಿಯ ವಾಸನೆ ಹಿಡಿದು ಅವನು ಬಿಟ್ಟುಹೋದ ಕೈಚೀಲವನ್ನೋ ಬಟ್ಟೆಯನ್ನೋ ನಾಯಿ ಹುಡುಕುತ್ತದೆ. ಲ್ಯಾಬ್ರಡಾರ್‌ಗೆ ಮೂಗಿನ ಕೆಲಸ ಸಿಕ್ಕರೆ ಸಾಕು, ಹಕ್ಕಿಯೇ ಬೇಕೆಂದಿಲ್ಲ. ತೇಜಸ್ವಿಯವರ ನಾಯಿ ಕಿವಿಯ ಕಥೆ ಓದಿ ಬೆಳೆದ ನಮಗೆ ಬೇಟೆ ನಾಯಿಯ ಮೇಲೆ ಒಂದು ಮಮತೆ ಇದ್ದೇ ಇರುತ್ತದೆ. ಆ ಮಮತೆ ಬಂದೂಕಿನವರೆಗೆ ಹೋಗಬೇಕೇ ಬೇಡವೇ ಎಂಬುದು ಆಯಾ ಮನೆಯ ತೀರ್ಮಾನ.

ಕರ್ನಾಟಕದಲ್ಲಿರುವ ಓದುಗರಿಗೆ ಈ ಆಯ್ಕೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಇಲ್ಲಿ ಬೇಟೆಗೆ ಜಾಗವಿಲ್ಲ, ಇರಬಾರದು ಕೂಡ. ಆದರೆ ನಮ್ಮ ಮುಧೋಳ ನಾಯಿಯ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಅದು ಮೂಸಿ ಹುಡುಕುವ ನಾಯಿಯಲ್ಲ. ಕಣ್ಣಿಂದ ಕಂಡು, ಓಡಿ ಹಿಡಿಯುವ ನಾಯಿ. ಇಂಗ್ಲೆಂಡಿನಲ್ಲಿ ಗ್ರೇಹೌಂಡ್‌ಗಳನ್ನು ಮೊಲದ ಹಿಂದೆ ಬಿಡುತ್ತಿದ್ದ ವಾಟರ್‌ಲೂ ಕಪ್ 1836ರಲ್ಲಿ ಹುಟ್ಟಿ 2005ರಲ್ಲಿ ನಿಂತಿತು, ಕಾನೂನು ಅದನ್ನು ನಿಷೇಧಿಸಿದ್ದರಿಂದ. ಅದರ ಜಾಗಕ್ಕೆ ರಕ್ತವಿಲ್ಲದ ಓಟ ಬಹಳ ದೇಶಗಳಲ್ಲಿ ಬೆಳೆದಿದೆ: ಬಯಲಿನಲ್ಲಿ ರಾಟೆಗಳನ್ನು ನೆಟ್ಟು, ದಾರಕ್ಕೆ ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟಿ, ಯಂತ್ರದಿಂದ ಎಳೆದು ಮೊಲದಂತೆ ಅತ್ತಿತ್ತ ತಿರುಗಿಸುತ್ತಾರೆ. ವೇಗ, ಚುರುಕು, ದಮ್ಮು, ಹಟ ನೋಡಿ ಅಂಕ. ಜೊತೆಯ ನಾಯಿಯ ಮೇಲೆ ಬಿದ್ದ ನಾಯಿಗೆ ಅಲ್ಲಿ ಜಾಗವಿಲ್ಲ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಊರಿನ ಸುತ್ತ ಈ ತಳಿಯನ್ನು ಸಾಕುವ ಮನೆಗಳಿವೆ, ಕಪ್ಪುಮಣ್ಣಿನ ಬಯಲಿಗೆ ಬರವಿಲ್ಲ. ಮುಧೋಳ ನಾಯಿಯನ್ನು ಪ್ರದರ್ಶನದ ಅಂಗಳದಲ್ಲಿ ನಿಲ್ಲಿಸಿ ಕಿವಿ, ಬಾಲ ಅಳೆದು ಬಹುಮಾನ ಕೊಡುವುದಕ್ಕಿಂತ ಇಂಥ ಓಟದಲ್ಲಿ ನೋಡಿ ಆರಿಸಿದರೆ ತಳಿಯ ನಿಜವಾದ ಕಸುವು ಉಳಿಯುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಯಾರಾದರೂ ಮುಂದೆ ಬಂದರೆ ಈ ಅಂಕಣದ ಬೆಂಬಲ ಅವರಿಗಿದೆ.

ಮತ್ತೆ ಲ್ಯಾಬ್ರಡಾರ್ ಮರಿಗೆ ಬರೋಣ. ಅರ್ಜಿ ತುಂಬುವ ಮೊದಲು ನಿಮ್ಮ ಹತ್ತಿರದ ಒಂದು ಹಂಟ್ ಟೆಸ್ಟ್‌ಗೆ, ಸಾಧ್ಯವಾದರೆ ಒಂದು ಫೀಲ್ಡ್ ಟ್ರಯಲ್‌ಗೂ, ನಾಯಿಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಎಲ್ಲ ಕ್ಲಬ್ಬುಗಳಿಗೂ ಹಕ್ಕಿ ಎಸೆಯುವ ಕೈಗಳು ಸದಾ ಬೇಕು. ಆ ಕೆಲಸಕ್ಕೆ ನಿಂತರೆ ಒಂದೇ ಹಕ್ಕಿಗೆ ನಲವತ್ತು ನಾಯಿಗಳು ಓಡಿಬರುವುದನ್ನು ಎದುರಿನಿಂದ ನೋಡುತ್ತೀರಿ. ಯಾವುದು ನೇರ ಬಂತು, ಯಾವುದು ದಡ ಸುತ್ತಿತು, ಯಾವುದಕ್ಕೆ ತೀರ್ಪುಗಾರರು ಸಾಕು ಎಂದರು, ಆಗ ಅದರ ಯಜಮಾನ ನಾಯಿಯ ತಲೆ ಸವರಿದನೋ ಕೊರಳು ಜಗ್ಗಿದನೋ ಗಮನಿಸಿ. ಯಾರ ನಡುವೆ ನಿಮ್ಮ ರಜಾದಿನಗಳನ್ನು ಕಳೆಯಬಹುದು ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಕ್ಲಬ್ಬಿನ ಕಾರ್ಯದರ್ಶಿಗೆ ಎರಡು ಸಾಲು ಬರೆದು, ಹಕ್ಕಿ ಎಸೆಯಲು ಬರುತ್ತೇನೆ ಎನ್ನಿ. ಬೂಟು, ಮಳೆಯಂಗಿ, ಹಂಟ್ ಟೆಸ್ಟ್‌ಗಾದರೆ ಕಪ್ಪು ಅಥವಾ ಹಸಿರು ಬಟ್ಟೆ ನಿಮ್ಮದಿರಲಿ. ಕೆಲಸ ಮಾಡುವವರಿಗೆ ಮಧ್ಯಾಹ್ನದ ಊಟವನ್ನು ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಮಾಂಸ ಬೇಡವೆಂದಾದರೆ ಮೊದಲೇ ತಿಳಿಸಿ, ಇಲ್ಲವೇ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹೋಗಿ.